ಕೋವಿ, ಬೆಳೆ, ಅಭಯಾರಣ್ಯ: ಕೊಲ್ಲೂರು ಸೀಮೆಯಲ್ಲಿ ನಾಗರಿಕ ಬಂದೂಕಿನ ಪ್ರಶ್ನೆ

ನಾಗರಿಕರ ಕೈಯಲ್ಲಿ ಬಂದೂಕು ಇರಬೇಕೆ ಬೇಡವೆ ಎಂಬ ಚರ್ಚೆ ನಮ್ಮಲ್ಲಿ ಅಮೆರಿಕದ ಸುದ್ದಿಯಿಂದ ಶುರುವಾಗಿ ಅಲ್ಲಿಯೇ ಮುಗಿದುಹೋಗುವುದು ವಾಡಿಕೆ. ಅಲ್ಲಿನ ಸಂವಿಧಾನದ ಎರಡನೆಯ ತಿದ್ದುಪಡಿ, ಅದನ್ನು ವ್ಯಕ್ತಿಯ ಹಕ್ಕೆಂದು ಎತ್ತಿಹಿಡಿದ 2008ರ ಹೆಲ್ಲರ್ ತೀರ್ಪು, ಶಾಲೆಗಳಲ್ಲಿ ನಡೆಯುವ ಹತ್ಯಾಕಾಂಡ ಇವುಗಳ ಸುತ್ತಲೇ ಮಾತು ತಿರುಗುತ್ತದೆ. ನಮ್ಮ ದೇಶದ ಚಿತ್ರವೇ ಬೇರೆ. ಜಿನೀವಾದ ಸ್ಮಾಲ್ ಆರ್ಮ್ಸ್ ಸರ್ವೇ 2018ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಅಮೆರಿಕದಲ್ಲಿ ನೂರು ಜನರಿಗೆ 120 ಬಂದೂಕುಗಳಿದ್ದರೆ ಭಾರತದಲ್ಲಿ ಐದು ಚಿಲ್ಲರೆ. ಗಮನಿಸಬೇಕಾದದ್ದು ಈ ಅಂತರಕ್ಕಿಂತ ಹೆಚ್ಚಾಗಿ ಅದೇ ಅಂದಾಜಿನ ಇನ್ನೊಂದು ಭಾಗವನ್ನು: ಭಾರತದ ನಾಗರಿಕರ ಬಳಿ ಇರುವ ಸುಮಾರು 7.1 ಕೋಟಿ ಬಂದೂಕುಗಳಲ್ಲಿ ನೋಂದಣಿಯಾದವು ಸುಮಾರು 97 ಲಕ್ಷ ಮಾತ್ರ. ಏಳರಲ್ಲಿ ಆರು ಸರ್ಕಾರದ ಪುಸ್ತಕದ ಹೊರಗಿವೆ. ಹಾಗಾಗಿ ಇಲ್ಲಿ ಕೇಳಬೇಕಾದದ್ದು ಬಂದೂಕು ಎಷ್ಟಿರಬೇಕು ಎಂದಲ್ಲ, ಲೆಕ್ಕಕ್ಕೆ ಸಿಗುವ ಬಂದೂಕನ್ನು ಕಾನೂನು ಹೇಗೆ ನಡೆಸಿಕೊಳ್ಳುತ್ತಿದೆ ಎಂದು. ಬೈಂದೂರು ತಾಲೂಕಿನ ಕೊಲ್ಲೂರು, ಜಡ್ಕಲ್, ಮುದೂರು, ಗೋಳಿಹೊಳೆ, ಕುಂದಾಪುರ ತಾಲೂಕಿನ ಹಳ್ಳಿಹೊಳೆ, ಕೆರಾಡಿ, ಅಮಾಸೆಬೈಲುಗಳಂಥ ಘಟ್ಟದಡಿಯ ಊರುಗಳಲ್ಲಿ ಬೆಳೆ ರಕ್ಷಣೆಯ ಪರವಾನಗಿ ಕೋವಿಯನ್ನು ಒಂದು ಕಾಯ್ದೆ ಕೈಗೆ ಕೊಟ್ಟು ಇನ್ನೊಂದು ಕಾಯ್ದೆ ನಿಷ್ಪ್ರಯೋಜಕಗೊಳಿಸಿದೆ. ಅದರಿಂದ ಕಾಡಿಗೂ ಊರಿಗೂ ಹೆಚ್ಚು ಹಾನಿ ಮಾಡುವ, ಯಾರ ಲೆಕ್ಕಕ್ಕೂ ಬಾರದ ಉಪಾಯಗಳು ಬೆಳೆದಿವೆ ಎಂಬುದು ಈ ಲೇಖನದ ವಾದ.

ಆಯುಧವನ್ನು ಕಿತ್ತುಕೊಳ್ಳುವ, ಹಿಂದಿರುಗಿಸುವ ರಾಜಕಾರಣದಲ್ಲಿ ಕರ್ನಾಟಕಕ್ಕೆ ವಿಶೇಷ ಸ್ಥಾನವಿದೆ. 1857ರ ನಿಶ್ಶಸ್ತ್ರೀಕರಣ ಕಾಯ್ದೆಯ ವಿರುದ್ಧ ಆ ವರ್ಷದ ನವೆಂಬರಿನಲ್ಲಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ತಿರುಗಿಬಿದ್ದರು. ಕಂಪನಿ ಸೇನೆ ಊರಿಗೆ ಬೆಂಕಿಯಿಟ್ಟಿತು. ನಾಲ್ಕೇ ವರ್ಷದೊಳಗೆ, 1861ರಲ್ಲಿ, ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಹಾಗೂ ಕೊಡಗಿನ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಅವರ ರಾಜನಿಷ್ಠೆಯನ್ನು ಮೆಚ್ಚಿ ಅಂಥದೇ ಕಾಯ್ದೆಯಿಂದ ವಿನಾಯಿತಿ ಕೊಟ್ಟ. ಆಯುಧ ಯಾರ ಬಳಿ ಇರಬಹುದು ಎಂಬುದನ್ನು ಆಗ ತೀರ್ಮಾನಿಸಿದ್ದು ಅವರಿಗೆ ಅದರ ಅಗತ್ಯ ಎಷ್ಟು ಎಂಬುದಲ್ಲ, ಪ್ರಭುತ್ವಕ್ಕೆ ಅವರ ಮೇಲೆ ಎಷ್ಟು ಭರವಸೆ ಎಂಬುದು. 1878ರ ಆಯುಧ ಕಾಯ್ದೆ ಈ ನೀತಿಯನ್ನು ಗಟ್ಟಿಗೊಳಿಸಿತು. ಅದರ ಮೇಲಿನ ಸಿಟ್ಟಿನಿಂದಲೇ 1931ರ ಕರಾಚಿ ಕಾಂಗ್ರೆಸ್ ನಿರ್ಣಯ, ನಿಯಮಗಳಿಗೊಳಪಟ್ಟು ಆಯುಧ ಹೊಂದುವುದನ್ನು ಪ್ರಜೆಯ ಹಕ್ಕೆಂದು ಸೇರಿಸಿಕೊಂಡಿತ್ತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಈ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಗೆ ಸೇರಿಸಲು ತಿದ್ದುಪಡಿ ಸೂಚಿಸಿದವರು ಮಂಗಳೂರಿನಲ್ಲಿ ಹುಟ್ಟಿದ, ಮಧ್ಯಪ್ರಾಂತ್ಯದಿಂದ ಆರಿಸಿಬಂದ ಎಚ್.ವಿ. ಕಾಮತ್. ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ, ಸಭೆಯೂ ಒಪ್ಪಲಿಲ್ಲ. ವಿಭಜನೆಯ ರಕ್ತಪಾತ ಕಣ್ಣಮುಂದಿದ್ದ ಕಾಲ ಅದು. ನಿರಾಕರಣೆ ಸರಿಯಾಗಿಯೇ ಇತ್ತು ಎಂಬುದು ನನ್ನ ಅಭಿಪ್ರಾಯ. ಆದರೆ ಹಕ್ಕು ಬಿಟ್ಟುಹೋದ ಮೇಲೆ ಅಗತ್ಯವನ್ನು ಅಳೆಯುವ ಕೆಲಸ ಪೂರ್ತಿಯಾಗಿ ಸಾಮಾನ್ಯ ಕಾಯ್ದೆಯ ಹೆಗಲಿಗೆ ಬಿತ್ತು.

1959ರ ಆಯುಧ ಕಾಯ್ದೆ ಆ ಕೆಲಸವನ್ನು ಒಂದು ಮಟ್ಟಿಗೆ ಚೆನ್ನಾಗಿಯೇ ಮಾಡಿದೆ. ಅದರ 13ನೇ ಕಲಂ ಪ್ರಕಾರ ಪ್ರಾಮಾಣಿಕವಾಗಿ ಬೆಳೆ ರಕ್ಷಣೆಗೆಂದು ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿ ಕೇಳುವವನಿಗೆ ಪರವಾನಗಿ ಕೊಡತಕ್ಕದ್ದು. ಅಂಥ ಕೋವಿ ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ತೋಟೆ ಕೋವಿಗೂ ಕೊಡಬಹುದು. ಪಿಸ್ತೂಲು, ರಿವಾಲ್ವರ್ ಕೇಳುವವನು ತನ್ನ ಕಾರಣವನ್ನು ಅಧಿಕಾರಿಗೆ ಒಪ್ಪಿಸಬೇಕು. ಗದ್ದೆ ಕಾಯುವವನ ವಿಷಯದಲ್ಲಿ, 14ನೇ ಕಲಮಿನ ಅನರ್ಹತೆಗಳಿಲ್ಲದಿದ್ದರೆ, ನಿರಾಕರಿಸುವವನೇ ಕಾರಣ ಹುಡುಕಬೇಕು. ಆದರೆ ಕೊಲ್ಲೂರಿನ ಸುತ್ತ ಈ ಮಾತು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಎದುರಾಗುತ್ತದೆ. 1974ರಲ್ಲಿ ಘೋಷಣೆಯಾಗಿ ಮುಂದೆ ವಿಸ್ತಾರಗೊಂಡ ಮೂಕಾಂಬಿಕಾ ಅಭಯಾರಣ್ಯ ದೇವಸ್ಥಾನದ ಪೇಟೆಯನ್ನು ಸುತ್ತುವರಿದಿದೆ. ದಕ್ಷಿಣಕ್ಕೆ ಸೋಮೇಶ್ವರ ಅಭಯಾರಣ್ಯವಿದೆ. ಕಾಯ್ದೆಯ 34ನೇ ಕಲಂ ಪ್ರಕಾರ ಅಭಯಾರಣ್ಯದಿಂದ ಹತ್ತು ಕಿಲೋಮೀಟರ್ ಒಳಗಿನ ಪರವಾನಗಿದಾರ ತನ್ನ ಹೆಸರನ್ನು ವನ್ಯಜೀವಿ ಅಧಿಕಾರಿಗಳಲ್ಲಿ ನೋಂದಾಯಿಸಬೇಕು. ಆ ವ್ಯಾಪ್ತಿಯಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿಯಿಲ್ಲದೆ ಹೊಸ ಪರವಾನಗಿ ಕೊಡುವಂತಿಲ್ಲ. 31ನೇ ಕಲಂ ಪ್ರಕಾರ ಲಿಖಿತ ಅನುಮತಿಯಿಲ್ಲದೆ ಅಭಯಾರಣ್ಯದೊಳಗೆ ಆಯುಧ ಒಯ್ಯುವಂತಿಲ್ಲ. ಕಾಡಿನ ನಡುವೆ ಬಿಟ್ಟುಕೊಟ್ಟ ಹಿಡುವಳಿಗಳಲ್ಲಿ ಇರುವವರಿಗೆ ಇದರರ್ಥ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಉಡುಪಿಯ ಜಿಲ್ಲಾ ದಂಡಾಧಿಕಾರಿಗೆ ಕೊಟ್ಟ ಅರ್ಜಿ ಬೆಂಗಳೂರಿನ ಅರಣ್ಯ ಭವನಕ್ಕೂ ಹೋಗಿ ಬರಬೇಕು. ಕಾಡಿಗೆ ಹತ್ತಿರವಾದಷ್ಟೂ ಹಂದಿಯ ಕಾಟ ಹೆಚ್ಚು, ಕೋವಿ ಸಿಗುವುದು ಕಷ್ಟ.

ಪರವಾನಗಿ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಬೇರೆ ಅನುಮತಿಯಿಲ್ಲದೆ ಆ ಕೋವಿಯಿಂದ ಕಾನೂನುಬದ್ಧವಾಗಿ ಮಾಡಬಹುದಾದದ್ದು ಗಾಳಿಗೆ ಒಂದು ಈಡು ಹೊಡೆಯುವುದು ಮಾತ್ರ. ಬೇಟೆಯನ್ನು ವನ್ಯಜೀವಿ ಕಾಯ್ದೆಯ 9ನೇ ಕಲಂ ನಿಷೇಧಿಸುತ್ತದೆ. 11ನೇ ಕಲಂ ಎರಡು ಬಾಗಿಲು ತೆರೆದಿಟ್ಟಿದೆ: ಪ್ರಾಣರಕ್ಷಣೆಗಾಗಿ ಸದುದ್ದೇಶದಿಂದ ಕೊಂದರೆ ಅಪರಾಧವಲ್ಲ, ಎರಡನೇ ಅನುಸೂಚಿಯ ಪ್ರಾಣಿ ನಿಂತ ಬೆಳೆಗೆ ಅಪಾಯಕಾರಿಯಾಗಿದ್ದರೆ ಅಧಿಕಾರಿ ಕಾರಣ ಬರೆದು ಲಿಖಿತ ಅನುಮತಿ ಕೊಡಬಹುದು. 2022ರ ತಿದ್ದುಪಡಿಯ ನಂತರ ಕಾಡುಹಂದಿ ಈ ಎರಡನೇ ಅನುಸೂಚಿಯಲ್ಲಿದೆ, ಅಂದರೆ ಕಾನೂನಿನ ಪ್ರಕಾರ ಅನುಮತಿ ಸಾಧ್ಯ. ಆದರೆ ಭತ್ತ ಹಾಲುಗೂಡುವ ಹೊತ್ತಿನಲ್ಲಿ ಹಂದಿಯ ಹಿಂಡು ನುಗ್ಗಿದರೆ ಒಂದೇ ರಾತ್ರಿಗೆ ಗದ್ದೆ ಮಲಗುತ್ತದೆ. ತಿಂದದ್ದಕ್ಕಿಂತ ಹೊರಳಾಡಿ ಕೆಡಿಸಿದ್ದು ಹೆಚ್ಚು. ಹೊಸದಾಗಿ ನೆಟ್ಟ ತೆಂಗು, ಅಡಿಕೆ ಸಸಿಗಳ ಬುಡ ಬಗೆದರೆ ಹೋಗುವುದು ಒಂದು ವರ್ಷದ ಬೆಳೆಯಲ್ಲ, ಐದಾರು ವರ್ಷದ ಆಸೆ. ಅರ್ಜಿ, ಸ್ಥಳ ಪರಿಶೀಲನೆ, ವರದಿ, ಆದೇಶ ಎಂಬ ಕ್ರಮದಲ್ಲಿ ಬರುವ ಅನುಮತಿ ಈ ವೇಗಕ್ಕೆ ಹೊಂದುವುದಿಲ್ಲ. ಈಡಿನ ಸದ್ದಿಗೆ ಹಂದಿ ಮೊದಮೊದಲು ಓಡುತ್ತದೆ. ಸದ್ದಿನ ಹಿಂದೆ ಏನೂ ಇಲ್ಲವೆಂದು ತಿಳಿಯಲು ಅದಕ್ಕೆ ಬಹಳ ಕಾಲ ಬೇಡ.

ಹೀಗೆ ಖಾಲಿ ಬಿಟ್ಟ ಜಾಗವನ್ನು ತುಂಬಿರುವುದು ಉರುಳು, ಕರೆಂಟು ಹರಿಸಿದ ತಂತಿ, ಹಿಟ್ಟಿನುಂಡೆಯೊಳಗೆ ಅಡಗಿಸಿದ ಸಿಡಿಮದ್ದು. ಬೈಕಿನ ಬ್ರೇಕಿನ ತಂತಿ ಸಾಕು, ಉರುಳಾಗುತ್ತದೆ. ಪರವಾನಗಿ ಬೇಡ, ಸದ್ದಿಲ್ಲ, ಇಟ್ಟವನು ಯಾರೆಂದು ಗೊತ್ತಾಗುವುದಿಲ್ಲ. ಹಂದಿಗೆಂದು ಇಟ್ಟ ಉರುಳಿಗೆ ಚಿರತೆ ಸಿಕ್ಕಿಬೀಳುವುದು ಉಡುಪಿ ಜಿಲ್ಲೆಯ ಪತ್ರಿಕೆ ಓದುವವರಿಗೆ ಹಳೆಯ ಸುದ್ದಿ. ಬೇಲಿಗೆ ನೇರ ವಿದ್ಯುತ್ ಹರಿಸಿದ ಕಡೆ ದನವೂ ಸತ್ತಿದೆ, ಮನುಷ್ಯರೂ ಸತ್ತಿದ್ದಾರೆ. ಕೋವಿ ಹಿಡಿದವನು ಗುರಿಯನ್ನು ನೋಡಿಯೇ ಕುದುರೆ ಎಳೆಯಬೇಕು. ತಪ್ಪಿದರೂ ತಪ್ಪಿದ್ದು ಅವನೇ. ಉರುಳಿಗೂ ತಂತಿಗೂ ನೋಡುವ ಕಣ್ಣಿಲ್ಲ. ನಾಗರಿಕ ಬಂದೂಕಿನ ಪರವಾಗಿ ಸಾಮಾನ್ಯವಾಗಿ ಹೇಳುವ ಸ್ವಾತಂತ್ರ್ಯ, ಆತ್ಮರಕ್ಷಣೆ, ಪೌರುಷದ ಮಾತುಗಳು ನನಗೆ ಒಪ್ಪಿಗೆಯಾಗುವುದಿಲ್ಲ. ಕೊಲ್ಲೂರಿನ ಮಟ್ಟಿಗೆ ಒಪ್ಪಿಗೆಯಾಗುವ ವಾದ ಒಂದೇ: ಬೆಳೆ ಕಾಯುವ ಉಪಾಯಗಳಲ್ಲಿ ಹೆಸರು, ನಂಬರು, ವಿಳಾಸ ಇರುವುದು ಪರವಾನಗಿ ಕೋವಿಗೆ ಮಾತ್ರ.

ಅದರಲ್ಲೂ ಯಾವ ಕೋವಿ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕಾಯ್ದೆಯ ಒಲವು ಕೇಪಿನ ಕೋವಿಯ ಕಡೆಗೆ. ನಳಿಗೆಯ ಬಾಯಿಗೆ ಮದ್ದು ಸುರಿದು, ನಾರು ತುರುಕಿ, ಗಜದಿಂದ ಜಡಿದು, ಚರೆ ಹಾಕಿ, ಮತ್ತೆ ನಾರು ಜಡಿದು, ಕೊನೆಗೆ ಕೇಪು ಕೂರಿಸಿದರೆ ಒಂದು ಈಡಿಗೆ ಸಿದ್ಧ. ಇನ್ನೊಂದು ಈಡಿಗೆ ಇಷ್ಟೂ ಕೆಲಸ ಮೊದಲಿನಿಂದ. ಇಂಥದ್ದನ್ನು ಹಿಡಿದು ಯಾರೂ ಸಾಮೂಹಿಕ ಹತ್ಯೆ ಮಾಡಲಾರರು ಎಂಬುದು ಶಾಸನ ಬರೆದವರ ತರ್ಕ. ಬೀದಿಯ ಮಟ್ಟಿಗೆ ಅದು ಸರಿ. ಮನೆಯೊಳಗೆ ಅದೇ ತರ್ಕ ತಲೆಕೆಳಗಾಗುತ್ತದೆ. ತುಂಬಿದ ಕೇಪಿನ ಕೋವಿಯನ್ನು ಖಾಲಿ ಮಾಡುವ ಸುಲಭದ ದಾರಿಯೆಂದರೆ ಈಡು ಹೊಡೆಯುವುದೇ. ಹಂದಿ ಬರಲಿಲ್ಲವೆಂದರೆ ತುಂಬಿದ ಕೋವಿ ಹಾಗೆಯೇ ಮನೆಗೆ ಬಂದು ಗೋಡೆಯ ಗೂಟಕ್ಕೆ ತೂಗುತ್ತದೆ, ಮಕ್ಕಳಿರುವ ಮನೆಯಲ್ಲೂ. ಮಳೆಗಾಲದಲ್ಲಿ ಮದ್ದು ತೇವ ಹಿಡಿದು ಈಡು ತಡವಾಗಿ ಹಾರುವ ಅಪಾಯ ಬೇರೆ. ತೋಟೆ ಕೋವಿಯನ್ನಾದರೆ ಮುರಿದು ತೋಟೆ ತೆಗೆದು ಕೋವಿ ಒಂದು ಕಡೆ, ತೋಟೆ ಒಂದು ಕಡೆ ಬೀಗ ಹಾಕಿ ಇಡಬಹುದು. ಎಷ್ಟು ತೋಟೆ ಕೊಂಡರು ಎಂಬುದು ಅಂಗಡಿಯ ಪುಸ್ತಕದಲ್ಲೂ ಪರವಾನಗಿಯಲ್ಲೂ ದಾಖಲಾಗುತ್ತದೆ. 2016ರ ಆಯುಧ ನಿಯಮಗಳು ಸುರಕ್ಷತಾ ತರಬೇತಿ ಮತ್ತು ಭದ್ರ ಸಂಗ್ರಹದ ಷರತ್ತುಗಳನ್ನು ತಂದಿವೆ. ಅವನ್ನು ಅರ್ಥಪೂರ್ಣವಾಗಿ ಪಾಲಿಸಲು ಸಾಧ್ಯವಿರುವುದು ಒಂಟಿ ನಳಿಗೆಯ ತೋಟೆ ಕೋವಿಯಲ್ಲಿ. 13ನೇ ಕಲಂ ಅದಕ್ಕೆ ಅವಕಾಶ ಇಟ್ಟಿದೆ. ಹಳೆಯದೆಂಬ ಕಾರಣಕ್ಕೆ ಕೇಪಿನ ಕೋವಿ ನಿರುಪದ್ರವಿ ಎಂದುಕೊಂಡದ್ದು ಆಡಳಿತದ ಮೂಢನಂಬಿಕೆ.

ಬಂದೂಕಿನ ವಿರುದ್ಧ ಇರುವ ವಾದಗಳಲ್ಲಿ ಅತ್ಯಂತ ಭಾರವಾದದ್ದು ಕೊಲೆಯದ್ದಲ್ಲ, ಆತ್ಮಹತ್ಯೆಯದ್ದು. ಭಾರತದಲ್ಲಿ ಗುಂಡು ಹಾರಿಸಿ ಮಾಡಿದ ಕೊಲೆಗಳ ಬಹುಪಾಲು ಪರವಾನಗಿಯಿಲ್ಲದ ಆಯುಧಗಳಿಂದ ಆದವು ಎಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಗಳು ತೋರಿಸುತ್ತ ಬಂದಿವೆ. ಪರವಾನಗಿದಾರರನ್ನು ಬಿಗಿಗೊಳಿಸಿದ ಮಾತ್ರಕ್ಕೆ ಅವು ಇಳಿಯುವುದಿಲ್ಲ. ಆತ್ಮಹತ್ಯೆಯ ವಿಷಯ ಹಾಗಲ್ಲ. ಕ್ಯಾಲಿಫೋರ್ನಿಯಾದ ಕೈಬಂದೂಕು ಮಾಲೀಕರ ಕುರಿತು 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಬಂದೂಕಿನಿಂದ ಆತ್ಮಹತ್ಯೆ ಮಾಡಿಕೊಳ್ಳುವ ಸಂಭವ ಮಾಲೀಕರಲ್ಲದ ಗಂಡಸರಿಗಿಂತ ಮಾಲೀಕರಾದ ಗಂಡಸರಲ್ಲಿ ಸುಮಾರು ಎಂಟು ಪಟ್ಟು ಎಂದು ಕಂಡುಬಂತು. ಸಾಲ, ಬೆಳೆನಷ್ಟ, ಕುಡಿತ ಇರುವ ಕೃಷಿಕ ಮನೆಯಲ್ಲಿ ಕೋವಿಯೂ ಇದ್ದರೆ ಆ ಕೆಟ್ಟ ಗಳಿಗೆ ಮರಳಿ ಬಾರದ ಗಳಿಗೆಯಾಗಬಹುದು. ಕೀಟನಾಶಕ ಹೇಗೂ ಮನೆಯಲ್ಲಿದೆಯಲ್ಲ ಎಂದು ಇದನ್ನು ತಳ್ಳಿಹಾಕುವವರಿದ್ದಾರೆ, ಅದು ಉತ್ತರವಲ್ಲ. ವಿಷ ಕುಡಿದವನನ್ನು ಕುಂದಾಪುರದ ಆಸ್ಪತ್ರೆಗೋ ಮಣಿಪಾಲಕ್ಕೋ ಸಾಗಿಸಲು ಕೆಲವೊಮ್ಮೆ ಸಮಯ ಸಿಗುತ್ತದೆ, ಕೋವಿ ಆ ಸಮಯ ಕೊಡುವುದಿಲ್ಲ. ಈ ಆಕ್ಷೇಪ ಕೋವಿಯನ್ನು ಮನೆಯಲ್ಲಿಡುವುದರ ಮೇಲಿನದು; ಬೆಳೆಗೆ ಅಪಾಯವಿಲ್ಲದ ತಿಂಗಳುಗಳಲ್ಲಿ ಕೋವಿಯನ್ನು ಅಧಿಕೃತ ಅಂಗಡಿಯಲ್ಲೋ ಠಾಣೆಯಲ್ಲೋ ಇರಿಸುವ ಕ್ರಮದಿಂದ ಅದರ ಬಹುಭಾಗಕ್ಕೆ ಉತ್ತರ ಸಿಗುತ್ತದೆ.

ವಿಚಿತ್ರವೆಂದರೆ ಇಂಥ ಠೇವಣಿ ಈಗಾಗಲೇ ಇದೆ, ತಪ್ಪು ಋತುವಿನಲ್ಲಿ. ಚುನಾವಣೆ ಘೋಷಣೆಯಾದ ಕೂಡಲೇ ಕೋವಿಗಳನ್ನು ಠಾಣೆಗೆ ಒಪ್ಪಿಸಲು ಆದೇಶ ಬರುತ್ತದೆ. 2024ರ ಲೋಕಸಭಾ ಚುನಾವಣೆಯ ನೀತಿಸಂಹಿತೆ ಮಾರ್ಚ್ 16ರಿಂದ ಜೂನ್ ಮೊದಲ ವಾರದವರೆಗೆ ಇತ್ತು. ಉಡುಪಿ–ಚಿಕ್ಕಮಗಳೂರು ಕ್ಷೇತ್ರದಲ್ಲಿ ಮತದಾನ ಏಪ್ರಿಲ್ 26ಕ್ಕೇ ಮುಗಿದಿತ್ತು. ಅದು ಗೇರು, ಹಲಸು, ಮಾವಿನ ಕಾಲ. ಕಾಡಿನಲ್ಲಿ ನೀರು ಬತ್ತಿ ಪ್ರಾಣಿಗಳು ನೀರಿರುವ ತೋಟಕ್ಕೆ ಇಳಿಯುವ ಕಾಲ. ಚುನಾವಣಾ ಆಯೋಗದ ಸೂಚನೆಯಲ್ಲೇ ಪರಿಶೀಲನಾ ಸಮಿತಿಯ ವ್ಯವಸ್ಥೆಯಿದೆ: ಜಾಮೀನಿನ ಮೇಲಿರುವವರು, ಅಪರಾಧದ ಇತಿಹಾಸವಿರುವವರು, ಗಲಭೆಯಲ್ಲಿ ಭಾಗಿಯಾದವರು ಯಾರೆಂದು ಆ ಸಮಿತಿ ಪ್ರಕರಣವಾರು ನೋಡಬೇಕು. ಸಾರಾಸಗಟು ಆದೇಶ ಹೊರಡಿಸುವುದು ಅಧಿಕಾರಿಗಳಿಗೆ ಸುಲಭ, ಅಷ್ಟೇ. ಘಟ್ಟದಡಿ ನಕ್ಸಲರ ಓಡಾಟವಿತ್ತಲ್ಲ, ಆಯುಧ ಅವರ ಕೈಸೇರಿದರೆ ಎಂಬ ಅಂಜಿಕೆಗೆ ಒಂದು ಕಾಲದಲ್ಲಿ ತೂಕವಿತ್ತು. 2024ರ ನವೆಂಬರಿನಲ್ಲಿ ಹೆಬ್ರಿ ತಾಲೂಕಿನ ಎನ್‌ಕೌಂಟರಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಸತ್ತು, 2025ರ ಜನವರಿಯಲ್ಲಿ ಆರು ಮಂದಿ ಬೆಂಗಳೂರಿನಲ್ಲಿ ಶರಣಾದ ಮೇಲೆ ಆ ತೂಕ ಬಹಳ ಇಳಿದಿದೆ.

ಕೊಡವರಿಗೆ ವಿನಾಯಿತಿ ಇದೆ, ನಮಗೇಕಿಲ್ಲ ಎಂಬ ವಾದವೂ ಕರಾವಳಿಯಲ್ಲಿ ಕೇಳಿಬರುತ್ತದೆ. ಕೇಂದ್ರ ಸರ್ಕಾರ 2019ರ ಅಧಿಸೂಚನೆಯಿಂದ ಆ ವಿನಾಯಿತಿಯನ್ನು 2029ರ ಅಕ್ಟೋಬರ್ ಅಂತ್ಯದವರೆಗೆ ಮುಂದುವರಿಸಿದೆ. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಕೈಲ್ ಪೊಳ್ದ್ ಹಬ್ಬದಲ್ಲಿ ಆಯುಧಕ್ಕೆ ಪೂಜೆ ಸಲ್ಲಿಸುವ ಸಮುದಾಯದ ನೆಲೆಯಿಂದ ನೋಡಿದರೆ ತೀರ್ಪನ್ನು ಅರ್ಥಮಾಡಿಕೊಳ್ಳಬಹುದು. ಆದರೆ ಕೊಲ್ಲೂರಿನವರು ಕೊಡಗನ್ನು ಮಾದರಿಯಾಗಿ ಹಿಡಿಯುವುದು ಜಾಣತನವಲ್ಲ. ಆ ವಿನಾಯಿತಿಗೆ ಆಧಾರ ಕುಲ ಮತ್ತು ಹಿಡುವಳಿಯ ಬಗೆ. ಇಲ್ಲಿಯ ಬೇಡಿಕೆಗೆ ಆಧಾರವಾಗಬೇಕಾದದ್ದು ಜಮೀನಿನ ಸರ್ವೆ ನಂಬರು, ಅದಕ್ಕೂ ಕಾಡಂಚಿಗೂ ಇರುವ ದೂರ, ಅಲ್ಲಿರುವ ಬೆಳೆ. ಹಾಗಾದರೆ ತಲೆಮಾರುಗಳಿಂದ ಗದ್ದೆ ಮಾಡುವ ಕುಡುಬಿಯವನಿಗೂ, ಕೇರಳದಿಂದ ಬಂದು ಮುದೂರಿನಲ್ಲಿ ನೆಲೆನಿಂತ ಕೃಷಿಕನಿಗೂ ಒಂದೇ ಅಳತೆಗೋಲು.

ಉಳಿದದ್ದು ಮಾಂಸದ ಆಕ್ಷೇಪ. ಬೆಳೆ ರಕ್ಷಣೆ ಎಂಬುದು ನೆಪ, ನಿಜವಾದ ಆಸೆ ಹಂದಿಮಾಂಸದ್ದು ಎನ್ನುತ್ತಾರೆ ಸಂರಕ್ಷಣಾವಾದಿಗಳು. ಆಸೆ ಇಲ್ಲವೆಂದರೆ ಸುಳ್ಳಾಗುತ್ತದೆ. ಈ ಸೀಮೆಯಲ್ಲೇ ಚಿತ್ರೀಕರಣವಾದ ‘ಕಾಂತಾರ’ ಸಿನಿಮಾದ ನಾಯಕನೂ ಅರಣ್ಯಾಧಿಕಾರಿಯೂ ಬೇಟೆಯ ವಿಷಯಕ್ಕೂ ಜಗಳಕ್ಕಿಳಿಯುತ್ತಾರೆ. ಆದರೆ ಅನುಮತಿಯ ಮೇಲೆ ಕೊಂದ ಪ್ರಾಣಿಯ ಕಳೇಬರ ಸರ್ಕಾರದ ಸ್ವತ್ತು. ಕೇರಳ 2022ರಲ್ಲಿ ಹಂದಿ ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ವಹಿಸಿದಾಗ, ವಿಷ, ಸಿಡಿಮದ್ದು, ವಿದ್ಯುತ್ ತಂತಿ ಬಳಸಬಾರದು, ಕಳೇಬರವನ್ನು ಹೂಳಬೇಕು ಎಂಬ ಕಟ್ಟುಪಾಡನ್ನೂ ಹಾಕಿತು. ಅಲ್ಲಿ ತೊಡಕಾದದ್ದು ಅನುಮತಿಯಲ್ಲ. ಗುಂಡು ಹಾರಿಸಲು ಪರವಾನಗಿ ಕೋವಿ ಇರುವವರು ಅನೇಕ ಪಂಚಾಯತುಗಳಲ್ಲಿ ಸಿಗದಿದ್ದದ್ದು. ಕರ್ನಾಟಕ ಆ ದಾರಿ ಹಿಡಿಯುವುದಾದರೆ ಮೊದಲು ಕೈಹಾಕಬೇಕಾದದ್ದು 34ನೇ ಕಲಮಿನ ಸಮ್ಮತಿಯ ವಿಳಂಬಕ್ಕೆ: ಆ ಸಮ್ಮತಿ ಇಂತಿಷ್ಟು ದಿನಗಳೊಳಗೆ ಬರಬೇಕು, ಬಾರದಿದ್ದರೆ ಕಾರಣ ಲಿಖಿತವಾಗಿರಬೇಕು. 11ನೇ ಕಲಮಿನ ಅನುಮತಿ ಕೊಡುವ ಅಧಿಕಾರ ವಲಯ ಅರಣ್ಯಾಧಿಕಾರಿಯ ಮಟ್ಟದಲ್ಲಿ ಇರಬೇಕು. ಅಭಯಾರಣ್ಯದ ಗಡಿಯೊಳಗಿನ ಹಿಡುವಳಿಗಳಿಗೆ ಅದು ಬೇಡ, ಅಲ್ಲಿ ಸೌರಬೇಲಿಯ ಪೂರ್ತಿ ಖರ್ಚನ್ನೂ ಬೆಳೆ ಪರಿಹಾರವನ್ನೂ ಸರ್ಕಾರವೇ ಹೊರಬೇಕು. ಹಾರಿಸಿದ ತೋಟೆಯ ಸಿಪ್ಪೆಯನ್ನು ಹಿಂದಿರುಗಿಸಿದವನಿಗೆ ಮಾತ್ರ ಹೊಸ ತೋಟೆ ಕೊಡುವ ನಿಯಮ ಬಂದರೆ ಪ್ರತಿಯೊಂದು ಈಡಿಗೂ ಒಂದು ದಿನಾಂಕ, ಒಂದು ಸರ್ವೆ ನಂಬರು, ಹೂತ ಹಂದಿಗೆ ಅರಣ್ಯ ಪಾಲಕನ ಒಂದು ಸಹಿ ಇರುತ್ತದೆ.