ಕೋಲ್ಕತ್ತಾ ಟ್ರಾಮ್

ಕೋಲ್ಕತ್ತಾ ಟ್ರಾಮ್ ಪಶ್ಚಿಮ ಬಂಗಾಳದ ರಾಜಧಾನಿ ಕೋಲ್ಕತ್ತಾದ ರಸ್ತೆಗಳಲ್ಲಿ ಹಳಿಗಳ ಮೇಲೆ ಓಡುವ ವಿದ್ಯುತ್ ಚಾಲಿತ ನಗರ ಸಾರಿಗೆಯಾಗಿದೆ. ಭಾರತದ ಇತರ ನಗರಗಳೆಲ್ಲ ತಮ್ಮ ಟ್ರಾಮ್‌ಗಳನ್ನು ಕೈಬಿಟ್ಟ ಬಳಿಕವೂ ಉಳಿದುಕೊಂಡ ಏಕೈಕ ಟ್ರಾಮ್ ಜಾಲ ಇದು. ಮದ್ರಾಸಿನಲ್ಲಿ 1953ರಲ್ಲಿ, ದೆಹಲಿಯಲ್ಲಿ 1963ರಲ್ಲಿ ಮತ್ತು ಮುಂಬಯಿಯಲ್ಲಿ 1964ರಲ್ಲಿ ಟ್ರಾಮ್ ಸಂಚಾರ ಕೊನೆಗೊಂಡಿತು. ಕಾನ್ಪುರದಲ್ಲಿ ಅದು 1933ರಲ್ಲೇ ನಿಂತಿತ್ತು. ಕೋಲ್ಕತ್ತಾದ ಜಾಲವನ್ನು 2016ರಿಂದ ಪಶ್ಚಿಮ ಬಂಗಾಳ ಸಾರಿಗೆ ನಿಗಮವು ನಿರ್ವಹಿಸುತ್ತಿದೆ.

ಇತಿಹಾಸ

1873ರ ಫೆಬ್ರುವರಿ 24ರಂದು ಸಿಯಾಲ್ದಾದಿಂದ ಹೂಗ್ಲಿ ನದಿಯ ದಡದ ಅರ್ಮೇನಿಯನ್ ಘಾಟ್‌ವರೆಗೆ ಕುದುರೆಗಳು ಎಳೆಯುವ ಮೊದಲ ಟ್ರಾಮ್ ಸಂಚರಿಸಿತು. ಮಾರ್ಗದ ಉದ್ದ ಸುಮಾರು 3.9 ಕಿ.ಮೀ. ಸಾಕಷ್ಟು ಪ್ರಯಾಣಿಕರು ದೊರೆಯದೆ ಅದೇ ವರ್ಷದ ನವೆಂಬರ್‌ನಲ್ಲಿ ಸೇವೆ ನಿಂತುಹೋಯಿತು. 1880ರಲ್ಲಿ ಲಂಡನ್‌ನಲ್ಲಿ ನೋಂದಣಿಯಾದ ಕಲ್ಕತ್ತಾ ಟ್ರಾಮ್‌ವೇಸ್ ಕಂಪನಿಯು ಮೀಟರ್ ಗೇಜ್ ಹಳಿಗಳನ್ನು ಹಾಕಿ ಸಂಚಾರವನ್ನು ಮತ್ತೆ ಆರಂಭಿಸಿತು. ವೈಸ್‌ರಾಯ್ ಲಾರ್ಡ್ ರಿಪ್ಪನ್ ಇದನ್ನು ಉದ್ಘಾಟಿಸಿದನು. 1882ರಲ್ಲಿ ಉಗಿ ಎಂಜಿನ್‌ಗಳನ್ನೂ ಪ್ರಯೋಗಿಸಿ ನೋಡಲಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಕಂಪನಿಯ ಬಳಿ 166 ಟ್ರಾಮ್ ಗಾಡಿಗಳು, ಏಳು ಉಗಿ ಎಂಜಿನ್‌ಗಳು ಮತ್ತು ಸುಮಾರು ಒಂದು ಸಾವಿರ ಕುದುರೆಗಳಿದ್ದವು.

ಹಳಿಗಳನ್ನು 1,435 ಮಿ.ಮೀ. ಅಗಲದ ಸ್ಟ್ಯಾಂಡರ್ಡ್ ಗೇಜ್‌ಗೆ ಬದಲಿಸುವ ಮತ್ತು ವಿದ್ಯುದೀಕರಿಸುವ ಕಾರ್ಯ 1900ರಲ್ಲಿ ಆರಂಭವಾಯಿತು. 1902ರ ಮಾರ್ಚ್ 27ರಂದು ಎಸ್ಪ್ಲನೇಡ್‌ನಿಂದ ಖಿದಿರ್‌ಪುರಕ್ಕೆ ಮೊದಲ ವಿದ್ಯುತ್ ಟ್ರಾಮ್ ಓಡಿತು. ಇದನ್ನು ಏಷ್ಯಾದ ಮೊಟ್ಟಮೊದಲ ವಿದ್ಯುತ್ ಟ್ರಾಮ್ ಎಂದು ಅನೇಕ ಕಡೆ ಬರೆಯಲಾಗಿದೆಯಾದರೂ ಆ ಮಾತು ಸರಿಯಲ್ಲ. ಜಪಾನಿನ ಕ್ಯೋಟೊ ಮತ್ತು ಭಾರತದ ಮದ್ರಾಸು ಎರಡರಲ್ಲೂ 1895ರಲ್ಲೇ ವಿದ್ಯುತ್ ಟ್ರಾಮ್‌ಗಳಿದ್ದವು. ಈಗಲೂ ಉಳಿದಿರುವ ಏಷ್ಯಾದ ಅತಿ ಹಳೆಯ ಟ್ರಾಮ್ ಜಾಲಗಳಲ್ಲಿ ಒಂದೆಂಬುದು ಕೋಲ್ಕತ್ತಾಕ್ಕೆ ಸಲ್ಲುವ ಹೆಗ್ಗಳಿಕೆ.

ನದಿಯಾಚೆಯ ಹೌರಾದಲ್ಲಿ 1905ರಲ್ಲಿ ಪ್ರತ್ಯೇಕ ಮಾರ್ಗಗಳು ಆರಂಭವಾದವು. 1943ರಲ್ಲಿ ಈಗಿನ ಹೌರಾ ಸೇತುವೆ ತೆರೆದಾಗ ಅದರ ಮೇಲೂ ಟ್ರಾಮ್ ಹಳಿಗಳಿದ್ದು, ಎರಡೂ ದಡಗಳ ಜಾಲಗಳು ಒಂದಾದವು.

ಒಂದು ಪೈಸೆಯ ಚಳವಳಿ

ಸ್ವಾತಂತ್ರ್ಯಾನಂತರವೂ ಟ್ರಾಮ್ ಬ್ರಿಟಿಷ್ ಕಂಪನಿಯ ಕೈಯಲ್ಲಿಯೇ ಇತ್ತು. 1953ರ ಜುಲೈ ತಿಂಗಳಿನಲ್ಲಿ ಕಂಪನಿಯು ಎರಡನೆಯ ದರ್ಜೆಯ ಟಿಕೆಟ್ ದರವನ್ನು ಒಂದು ಪೈಸೆಯಷ್ಟು ಏರಿಸಿತು. ದಶಮಾಂಶ ಪದ್ಧತಿ ಇನ್ನೂ ಬಾರದಿದ್ದ ಆ ಕಾಲದಲ್ಲಿ ರೂಪಾಯಿಗೆ 64 ಪೈಸೆಗಳು. ಏರಿಕೆ ಚಿಕ್ಕದಾಗಿ ಕಂಡರೂ ಎರಡನೆಯ ದರ್ಜೆಯಲ್ಲಿ ಪ್ರಯಾಣಿಸುತ್ತಿದ್ದವರು ಕಾರ್ಮಿಕರು, ಗುಮಾಸ್ತರು, ವಿದ್ಯಾರ್ಥಿಗಳು ಮತ್ತು ದೇಶ ವಿಭಜನೆಯಿಂದ ನೆಲೆ ಕಳೆದುಕೊಂಡು ಬಂದ ನಿರಾಶ್ರಿತರು. ಎಡಪಕ್ಷಗಳ ನೇತೃತ್ವದ ಪ್ರತಿರೋಧ ಸಮಿತಿಯು ಹಳೆಯ ದರವನ್ನಷ್ಟೇ ಕೊಡುವಂತೆ ಪ್ರಯಾಣಿಕರಿಗೆ ಕರೆ ನೀಡಿತು. ಬಹಿಷ್ಕಾರ, ಹರತಾಳ, ಲಾಠಿ ಪ್ರಹಾರ ಹಾಗೂ ಬಂಧನಗಳಿಂದ ತಿಂಗಳಿಡೀ ನಗರವು ತತ್ತರಿಸಿತು. ಮುಖ್ಯಮಂತ್ರಿ ಬಿಧಾನ್ ಚಂದ್ರ ರಾಯ್ ಅವರ ಸರ್ಕಾರದ ಕಾಲದಲ್ಲಿ ನಡೆದ ಈ ಹೋರಾಟದ ಫಲವಾಗಿ ದರ ಏರಿಕೆಯನ್ನು ತಡೆಹಿಡಿಯಬೇಕಾಯಿತು. ಬಡವರ ಸಾರಿಗೆ ಎಂಬ ಗುರುತು ಟ್ರಾಮಿಗೆ ಗಟ್ಟಿಯಾಗಿ ಅಂಟಿಕೊಂಡಿದ್ದು ಈ ಚಳವಳಿಯಿಂದ ಎನ್ನಬಹುದು.

ಕಂಪನಿಯ ಆಡಳಿತವನ್ನು ರಾಜ್ಯ ಸರ್ಕಾರವು 1967ರಲ್ಲಿ ವಹಿಸಿಕೊಂಡಿತು. 1976ರಲ್ಲಿ ಅದರ ಸ್ವತ್ತುಗಳೂ ಸರ್ಕಾರದ ಪಾಲಾದವು.

ಗಾಡಿಗಳು ಮತ್ತು ಕಾರ್ಯವಿಧಾನ

ಜಗತ್ತಿನ ನಾನಾ ಭಾಗಗಳ ರೈಲು ಹವ್ಯಾಸಿಗಳನ್ನು ಕೋಲ್ಕತ್ತಾಕ್ಕೆ ಸೆಳೆಯುವುದು ಈ ಗಾಡಿಗಳೇ. ಸಾಂಪ್ರದಾಯಿಕ ಗಾಡಿಯು ಒಂದಕ್ಕೊಂದು ಜೋಡಿಸಿದ ಎರಡು ಬೋಗಿಗಳದು. ಮುಂದಿನದು ಮೊದಲ ದರ್ಜೆ, ಹಿಂದಿನದು ಎರಡನೆಯ ದರ್ಜೆ. ಫ್ಯಾನುಗಳಿರುವುದೇ ಮೊದಲ ದರ್ಜೆಯ ಮುಖ್ಯ ಸೌಲಭ್ಯ. ತಲೆಯ ಮೇಲಿನ ತಂತಿಯಲ್ಲಿ 550 ವೋಲ್ಟ್‌ನ ಏಕಮುಖ ವಿದ್ಯುತ್ ಹರಿಯುತ್ತದೆ. ಚಾಲಕನು ಕಾಲಿನಿಂದ ಗಂಟೆಯನ್ನು ಒತ್ತಿ ದಾರಿ ಬಿಡಿಸಿಕೊಳ್ಳುತ್ತಾನೆ. ಹಳಿ ಕವಲೊಡೆಯುವಲ್ಲಿ ಕಬ್ಬಿಣದ ಸಲಾಕೆಯಿಂದ ಕೈಯಲ್ಲೇ ದಾರಿ ಬದಲಿಸುವ ಪದ್ಧತಿಯು ಇಪ್ಪತ್ತೊಂದನೆಯ ಶತಮಾನದಲ್ಲೂ ಮುಂದುವರಿಯಿತು. ಇಂತಹ ಗಾಡಿಗೆ ಒಂದೇ ತುದಿಯಲ್ಲಿ ಚಾಲಕನ ಸ್ಥಾನ ಇರುವುದರಿಂದ ಮಾರ್ಗದ ಕೊನೆಯಲ್ಲಿ ಅದು ಸುತ್ತುಹಳಿಯ ಮೂಲಕ ತಿರುಗಿ ಬರಬೇಕು. ಬರ್ನ್ ಸ್ಟ್ಯಾಂಡರ್ಡ್ ಹಾಗೂ ಜೆಸಪ್ ಕಂಪನಿಗಳು ಕಟ್ಟಿದ ಗಾಡಿಗಳನ್ನು ನೋನಾಪುಕುರ್ ಕಾರ್ಯಾಗಾರದಲ್ಲಿ ಮತ್ತೆ ಮತ್ತೆ ದುರಸ್ತಿ ಮಾಡಿ ದಶಕಗಳ ಕಾಲ ಓಡಿಸಲಾಗಿದೆ. ಹವಾನಿಯಂತ್ರಿತ ಒಂಟಿ ಬೋಗಿಯ ಗಾಡಿಗಳು ಇತ್ತೀಚಿನವು.

ಮಾರ್ಗಗಳಲ್ಲಿ ಹವ್ಯಾಸಿಗಳು ಹೆಚ್ಚು ಮೆಚ್ಚುತ್ತಿದ್ದುದು 36ನೆಯ ಸಂಖ್ಯೆಯದು. ಎಸ್ಪ್ಲನೇಡ್‌ನಿಂದ ಖಿದಿರ್‌ಪುರಕ್ಕೆ ಹೋಗುತ್ತಿದ್ದ ಈ ಟ್ರಾಮ್ ಮೈದಾನದ ಹುಲ್ಲು ಮತ್ತು ಮರಗಳ ನಡುವೆ ತನ್ನದೇ ಹಾದಿಯಲ್ಲಿ ಸಾಗುತ್ತಿತ್ತು. 2020ರ ಮೇ ತಿಂಗಳ ಅಂಫಾನ್ ಚಂಡಮಾರುತದಲ್ಲಿ ಮರಗಳು ಉರುಳಿ ತಂತಿಗಳು ಕಿತ್ತುಹೋದವು. ಆ ಬಳಿಕ ಈ ಮಾರ್ಗದಲ್ಲಿ ನಿತ್ಯದ ಸಂಚಾರ ಪುನರಾರಂಭವಾಗಲಿಲ್ಲ.

ಇಳಿಮುಖ

ಹೌರಾ ಭಾಗದ ಮಾರ್ಗಗಳು 1970–71ರಲ್ಲಿ ಮುಚ್ಚಿದವು. ಹೌರಾ ಸೇತುವೆಯ ಮೇಲಿನ ಸಂಚಾರ 1993ರಲ್ಲಿ ನಿಂತಿತು. ಆದರೆ ಕಥೆ ಕೇವಲ ಮುಚ್ಚುವಿಕೆಯದಲ್ಲ. 1985ರಲ್ಲಿ ಮಾಣಿಕ್‌ತಲಾದಿಂದ ಉಲ್ಟಾಡಾಂಗಾವರೆಗೆ ಮತ್ತು 1986ರಲ್ಲಿ ಬೆಹಾಲಾದಿಂದ ಜೋಕಾವರೆಗೆ ಹೊಸ ಹಳಿಗಳನ್ನು ಹಾಕಲಾಗಿತ್ತು. ಭಾರತದ ಮೊದಲ ಮೆಟ್ರೊ 1984ರಲ್ಲಿ ಇದೇ ನಗರದಲ್ಲಿ ಆರಂಭವಾದ ನಂತರದ ಬೆಳವಣಿಗೆ ಇದು. ಮುಂದೆ ಜೋಕಾ ಮಾರ್ಗವು ಮೆಟ್ರೊ ಕಾಮಗಾರಿಗಾಗಿಯೇ ಬಲಿಯಾಯಿತು. 2010ರ ದಶಕದ ಆರಂಭದಲ್ಲಿ ಮೂವತ್ತಕ್ಕೂ ಹೆಚ್ಚು ಮಾರ್ಗಗಳಿದ್ದ ಜಾಲವು ಮೆಟ್ರೊ ಅಗೆತ, ಮೇಲ್ಸೇತುವೆಗಳ ಸುರಕ್ಷತೆ ಮುಂತಾದ ಕಾರಣಗಳಿಂದ 2024ರ ವೇಳೆಗೆ ಬೆರಳೆಣಿಕೆಯ ಮಾರ್ಗಗಳಿಗೆ ಇಳಿಯಿತು.

ಟ್ರಾಮ್ ನಿಧಾನವಾಗಿದ್ದು ಇತರ ವಾಹನಗಳಿಗೆ ಅಡ್ಡಿಯಾಗುತ್ತದೆ ಎಂಬುದು ಆಡಳಿತದ ಮತ್ತು ಸಂಚಾರ ಪೊಲೀಸರ ಮುಖ್ಯ ವಾದ. ಇದಕ್ಕೆ ಟ್ರಾಮ್ ಬೆಂಬಲಿಗರು ಕೊಡುವ ಉತ್ತರ ಗಮನಾರ್ಹವಾದುದು. ಹಿಂದೆ ಹಲವು ಅಗಲ ರಸ್ತೆಗಳ ನಡುವೆ ಟ್ರಾಮಿಗೆಂದೇ ಮೀಸಲಾದ ಎತ್ತರದ ಪಥ ಇತ್ತು. ಕಾರು, ಬಸ್ಸುಗಳಿಗೆ ಹೆಚ್ಚು ಜಾಗ ಒದಗಿಸಲು ಆ ಪಥಗಳನ್ನು ತೆಗೆದು ಹಳಿಗಳನ್ನು ರಸ್ತೆಯ ಮಟ್ಟಕ್ಕೆ ಕಾಂಕ್ರೀಟಿನಲ್ಲಿ ಹೂಳಲಾಯಿತು. ಅಂದಿನಿಂದ ಟ್ರಾಮ್ ಉಳಿದ ವಾಹನಗಳ ಹಿಂದೆ ಸಿಕ್ಕಿಕೊಳ್ಳತೊಡಗಿತು. ಪ್ರಯಾಣಿಕರು ಓಡುವ ವಾಹನಗಳ ನಡುವೆ ನಡುರಸ್ತೆಯಲ್ಲಿ ಹತ್ತಿ ಇಳಿಯಬೇಕಾಯಿತು. ವೃದ್ಧರು ಮತ್ತು ಮಕ್ಕಳು ದೂರವಾಗಲು ಇದೇ ಸಾಕಿತ್ತು. ಪ್ರಯಾಣಿಕರು ಕಡಿಮೆಯಾದಂತೆ ಗಾಡಿಗಳೂ ಕಡಿಮೆಯಾದವು, ಕಾಯುವ ಸಮಯ ಹೆಚ್ಚಿತು. ನಿಧಾನವೆಂಬುದು ಟ್ರಾಮಿನ ಹುಟ್ಟುಗುಣವಲ್ಲ, ಅದರ ದಾರಿ ಕಿತ್ತುಕೊಂಡದ್ದರ ಪರಿಣಾಮ ಎಂಬುದು ಈ ವಾದದ ತಿರುಳು. ಆದರೂ ಕೋಲ್ಕತ್ತಾದ ರಸ್ತೆಗಳು ಇಕ್ಕಟ್ಟಾಗಿವೆ ಎಂಬುದು ಅಲ್ಲಗಳೆಯಲಾಗದ ಸಂಗತಿ.

ಸಂರಕ್ಷಣೆಯ ಯತ್ನಗಳು

ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಟ್ರಾಮ್ ಕಂಡಕ್ಟರ್ ರಾಬರ್ಟೊ ಡಿ'ಆಂಡ್ರಿಯಾ ಮತ್ತು ಕೋಲ್ಕತ್ತಾದ ಟ್ರಾಮ್ ನೌಕರರ ಸ್ನೇಹದಿಂದ 1996ರಲ್ಲಿ 'ಟ್ರಾಮ್‌ಜಾತ್ರಾ' ಎಂಬ ಉತ್ಸವ ಹುಟ್ಟಿತು. ಇಲ್ಲಿ 'ಜಾತ್ರಾ' ಎಂದರೆ ಬಂಗಾಳಿಯಲ್ಲಿ ಯಾತ್ರೆ, ಪ್ರಯಾಣ; ಕನ್ನಡದ ಜಾತ್ರೆಯೂ ಅದೇ ಮೂಲದ ಪದ. ಅಲಂಕರಿಸಿದ ಟ್ರಾಮ್‌ಗಳು, ಸಂಗೀತ ಹಾಗೂ ಚಿತ್ರಕಲೆಯ ಮೂಲಕ ಎರಡೂ ನಗರಗಳನ್ನು ಬೆಸೆಯುವ ಈ ಉತ್ಸವ ಹಲವು ಬಾರಿ ನಡೆದಿದೆ. 2023ರಲ್ಲಿ ಟ್ರಾಮ್‌ನ 150ನೆಯ ವರ್ಷವನ್ನು ಆಚರಿಸಲಾಯಿತು. ಎಸ್ಪ್ಲನೇಡ್‌ನಲ್ಲಿ ಹಳೆಯ ಗಾಡಿಯೊಂದರೊಳಗೆ 'ಸ್ಮರಣಿಕಾ' ಎಂಬ ಪುಟ್ಟ ಸಂಗ್ರಹಾಲಯವಿದೆ. ಕ್ಯಾಲ್ಕಟಾ ಟ್ರಾಮ್ ಯೂಸರ್ಸ್ ಅಸೋಸಿಯೇಷನ್ ಸಂಘಟನೆಯು ಟ್ರಾಮ್ ಪ್ರದರ್ಶನದ ವಸ್ತುವಾಗದೆ ನಿತ್ಯದ ಸಾರಿಗೆಯಾಗಿಯೇ ಉಳಿಯಬೇಕೆಂದು ಒತ್ತಾಯಿಸುತ್ತ ಬಂದಿದೆ.

ಸಂಸ್ಕೃತಿಯಲ್ಲಿ

ಸತ್ಯಜಿತ್ ರೇ ಅವರ 1963ರ 'ಮಹಾನಗರ್' ಚಲನಚಿತ್ರದ ಶೀರ್ಷಿಕೆಗಳು ಮೂಡುವುದು ತಂತಿಯ ಗುಂಟ ಜಾರುತ್ತ ಕಿಡಿ ಹಾರಿಸುವ ಟ್ರಾಮ್ ಕಂಬದ ದೃಶ್ಯದ ಮೇಲೆ. ಬಂಗಾಳಿ ಕವಿ ಜೀವನಾನಂದ ದಾಸ್ 1954ರ ಅಕ್ಟೋಬರ್ 14ರಂದು ಟ್ರಾಮ್ ಬಡಿದು ಗಾಯಗೊಂಡು, ಎಂಟು ದಿನಗಳ ಬಳಿಕ ನಿಧನರಾದರು.

2024ರ ಪ್ರಕಟಣೆ ಮತ್ತು ನಂತರ

2024ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಸಾರಿಗೆ ಸಚಿವ ಸ್ನೇಹಾಶಿಸ್ ಚಕ್ರವರ್ತಿ ಅವರು ಎಸ್ಪ್ಲನೇಡ್–ಮೈದಾನ ನಡುವಿನ ಪಾರಂಪರಿಕ ಸೇವೆಯನ್ನು ಹೊರತುಪಡಿಸಿ ಉಳಿದೆಲ್ಲ ಟ್ರಾಮ್ ಮಾರ್ಗಗಳನ್ನು ನಿಲ್ಲಿಸುವ ನಿರ್ಧಾರ ಪ್ರಕಟಿಸಿದರು. ನಗರದ ವಿಸ್ತೀರ್ಣದಲ್ಲಿ ರಸ್ತೆಗಳ ಪಾಲು ಕೇವಲ ಶೇ. 6 ಎಂಬುದನ್ನು ಅವರು ಕಾರಣವಾಗಿ ಮುಂದಿಟ್ಟರು. ಟ್ರಾಮ್ ಉಳಿಸಬೇಕೆಂಬ ಅರ್ಜಿಯ ವಿಚಾರಣೆ ಆ ಹೊತ್ತಿಗೆ ಕಲ್ಕತ್ತಾ ಹೈಕೋರ್ಟಿನಲ್ಲಿ ನಡೆಯುತ್ತಿತ್ತು. 2023ರಲ್ಲಿ ನ್ಯಾಯಾಲಯವು ಈ ವಿಷಯವಾಗಿ ಸಲಹಾ ಸಮಿತಿಯೊಂದನ್ನು ರಚಿಸಲು ಸೂಚಿಸಿತ್ತು. ಸಂಚಾರ ನಿಂತ ಮಾರ್ಗಗಳ ಹಳಿಗಳನ್ನು ಡಾಂಬರಿನಿಂದ ಮುಚ್ಚುತ್ತಿರುವುದಕ್ಕೆ 2025ರ ಆರಂಭದಲ್ಲಿ ಹೈಕೋರ್ಟ್ ಆಕ್ಷೇಪ ವ್ಯಕ್ತಪಡಿಸಿತು.