ಉಪವಾಸ ಮಾಡಿದರೆ ಮನಸ್ಸು ತಾನಾಗಿಯೇ ಶಾಂತವಾಗುತ್ತದೆಯೇ?

ಶ್ರಾವಣ ಬಂತೆಂದರೆ ಗಜೇಂದ್ರಗಡದ ಎಷ್ಟೋ ಮನೆಗಳಲ್ಲಿ ಸೋಮವಾರದ ಒಪ್ಪತ್ತು ಶುರು. ಕಾಲಕಾಲೇಶ್ವರನ ದರ್ಶನವಾದ ಮೇಲೆಯೇ ಊಟ ಎನ್ನುವವರಿದ್ದಾರೆ. ರಂಜಾನ್ ತಿಂಗಳಲ್ಲಿ ಇದೇ ಊರಿನಲ್ಲಿ ರೋಜಾ. ಇಂಥ ದಿನಗಳಲ್ಲಿ ವಾಟ್ಸಾಪ್‌ಗೆ ಒಂದು ಬಗೆಯ ಸಂದೇಶವೂ ಬರುತ್ತದೆ: ಉಪವಾಸವಿದ್ದರೆ ಕೋಪ, ಚಿಂತೆ ಎಲ್ಲ ತಾನಾಗಿಯೇ ಮಾಯ. ಇದು ಎಷ್ಟು ನಿಜ?

ಚುಟುಕಾಗಿ ಹೇಳುವುದಾದರೆ, ಅರ್ಧ ನಿಜ. ಬರೀ ಹಸಿವಿನಿಂದ ಶಾಂತಿ ಸಿಗುವುದಿಲ್ಲ. ಹಸಿವಿನಲ್ಲಿ ಮನಸ್ಸು ಏನು ಮಾಡುತ್ತಿದೆ ಎಂದು ಗಮನಿಸಿದರೆ ಮಾತ್ರ ಪ್ರಯೋಜನ.

ಹಸಿದಾಗ ದೇಹದಲ್ಲಿ ಏನಾಗುತ್ತದೆ?

ಊಟದ ಹೊತ್ತು ಹತ್ತಿರವಾದಂತೆ ಜಠರದಿಂದ 'ಗ್ರೆಲಿನ್' ಎಂಬ ಹಾರ್ಮೋನು ಹೆಚ್ಚು ಹೊರಬಂದು ಮೆದುಳಿಗೆ ಹಸಿವಿನ ಸುದ್ದಿ ಮುಟ್ಟಿಸುತ್ತದೆ. ಆ ಹೊತ್ತು ದಾಟಿದರೆ ಊಟ ಮಾಡದಿದ್ದರೂ ಅದು ಸ್ವಲ್ಪ ಇಳಿಯುತ್ತದೆ. ಹಸಿವು ಅಲೆಯಂತೆ ಬಂದು ಹೋಗುವುದು ಇದಕ್ಕೇ. ರಕ್ತದ ಸಕ್ಕರೆ ಇಳಿಯತೊಡಗಿದರೆ ದೇಹ ಅಡ್ರಿನಲಿನ್‌ನಂಥ ಹಾರ್ಮೋನುಗಳನ್ನು ಬಿಡುತ್ತದೆ. ಸಿಟ್ಟು, ಗಾಬರಿಯಲ್ಲೂ ಕೆಲಸ ಮಾಡುವುದು ಇವೇ. ದಿನವೂ ಚಹಾ ಕುಡಿಯುವವರಿಗೆ ಅದು ತಪ್ಪಿದರೆ ತಲೆನೋವು, ಸಿಡುಕು ಬೇರೆ.

ಸಂಶೋಧನೆಗಳು ಏನು ಹೇಳುತ್ತವೆ?

2022ರಲ್ಲಿ ಪ್ರಕಟವಾದ ಯುರೋಪಿನ ಒಂದು ಅಧ್ಯಯನದಲ್ಲಿ 64 ಜನ 21 ದಿನ ತಮ್ಮ ಹಸಿವು ಮತ್ತು ಮನಃಸ್ಥಿತಿಯನ್ನು ಫೋನಿನಲ್ಲಿ ದಾಖಲಿಸಿದರು. ಹಸಿವು ಹೆಚ್ಚಿದ್ದಾಗ ಸಿಟ್ಟು, ಕಿರಿಕಿರಿಯೂ ಹೆಚ್ಚಿತ್ತು.

ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು 200ಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಬೇಸರ ತರಿಸುವ ಕೆಲಸ ಕೊಟ್ಟು, ಮುಗಿಯುವ ಮೊದಲೇ ಕಂಪ್ಯೂಟರ್ ಬೇಕೆಂದೇ ಕೆಡುವಂತೆ ಮಾಡಿ, ತಪ್ಪು ನಿಮ್ಮದೇ ಎಂದರು. ಹಸಿದವರಿಗೆ ಹೆಚ್ಚು ಸಿಟ್ಟು ಬಂತು. ಆದರೆ ಅದಕ್ಕೂ ಮೊದಲು ಭಾವನೆಗಳ ಬಗ್ಗೆ ಯೋಚಿಸಿ ಬರೆದಿದ್ದ ಹಸಿದವರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಹಸಿವು ಎರಡೂ ಕಡೆ ಇತ್ತು. ತಮ್ಮ ಮನಸ್ಸಿನ ಕಡೆ ಗಮನ ಒಂದೇ ಕಡೆ ಇತ್ತು.

ಹಿರಿಯರಿಗೆ ಇದು ಗೊತ್ತಿತ್ತೇ?

'ಉಪವಾಸ' ಎಂಬ ಪದದ ಮೂಲ ಅರ್ಥ 'ಹತ್ತಿರ ಇರುವುದು'. ಊಟ ಬಿಡುವುದು ಎಂದಲ್ಲ. ರೋಜಾದಲ್ಲಿಯೂ ಯಾರಾದರೂ ಜಗಳಕ್ಕೆ ಬಂದರೆ ತಾನು ಉಪವಾಸದಲ್ಲಿದ್ದೇನೆ ಎಂದಷ್ಟೇ ಹೇಳಬೇಕೆಂದು ಪ್ರವಾದಿಯವರ ಬೋಧನೆಯಿದೆ. ಹಾಗೆ ಹೇಳುವಾಗ ಎದುರಿನವರಿಗಷ್ಟೇ ಅಲ್ಲ, ತನಗೂ ನೆನಪಿಸಿಕೊಂಡಂತೆ.

ನೀವು ಏನು ಮಾಡಬಹುದು?

• ಸಿಟ್ಟು ಬಂದಾಗ ಒಂದು ಕ್ಷಣ ನಿಂತು ಕೇಳಿಕೊಳ್ಳಿ: ಇದು ಹಸಿವೋ, ಚಹಾದ ನೆನಪೋ, ನಿದ್ದೆಗೇಡೋ, ನಿಜವಾಗಿಯೂ ಆ ವ್ಯಕ್ತಿಯ ತಪ್ಪೋ?
• ಅದಕ್ಕೆ ಹೆಸರಿಡಿ: 'ನನಗೀಗ ಹಸಿವಾಗಿದೆ, ಅದಕ್ಕೇ ಸಿಡುಕು.'
• ಮಕ್ಕಳನ್ನು ಗದರಿಸುವುದು, ಸಿಟ್ಟಿನ ಮೆಸೇಜ್ ಕಳಿಸುವುದನ್ನು ಊಟದ ನಂತರಕ್ಕೆ ಮುಂದೂಡಿ. ಊಟವಾದ ಮೇಲೂ ಆ ಮಾತು ಸರಿ ಎನಿಸಿದರೆ ಆಗ ಹೇಳಿ.

ಯಾರು ಎಚ್ಚರ ವಹಿಸಬೇಕು?

ಎಲ್ಲ ಸಿಡುಕೂ ಬರೀ ಮನಸ್ಸಿನದಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ನಡುಕ, ತಣ್ಣನೆ ಬೆವರು, ಎದೆ ಬಡಿತ, ಗಲಿಬಿಲಿಯ ಜೊತೆ ಸಿಟ್ಟು ಬಂದರೆ ಸಕ್ಕರೆ ತೀರಾ ಇಳಿದಿರಬಹುದು. ಅದು 70 ಮಿಲಿಗ್ರಾಂಗಿಂತ ಕೆಳಗಿದ್ದರೆ, ಅಥವಾ ಪರೀಕ್ಷಿಸಲು ಆಗದಿದ್ದರೂ, ಕೂಡಲೇ ಸಕ್ಕರೆ ನೀರು ಕುಡಿಯಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಇಂಥವರು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು. ಖಿನ್ನತೆಯ ಮಾತ್ರೆಯನ್ನು ಉಪವಾಸಕ್ಕಾಗಿ ನಿಲ್ಲಿಸಬೇಡಿ. ಕಾಯಿಲೆಯವರಿಗೆ ರೋಜಾದಿಂದ ಧರ್ಮದಲ್ಲೇ ವಿನಾಯಿತಿ ಇದೆ.

ಒಟ್ಟಿನಲ್ಲಿ, ಉಪವಾಸ ಕೋಪವನ್ನು ಓಡಿಸುವ ಔಷಧವಲ್ಲ. ಕೋಪ ಎಲ್ಲಿಂದ ಬರುತ್ತಿದೆ ಎಂದು ನೋಡಿಕೊಳ್ಳಲು ಸಿಗುವ ಒಂದು ಅವಕಾಶ. ಮುಂದಿನ ಸಲ ಆ ಫಾರ್ವರ್ಡ್ ಬಂದರೆ, ಇದನ್ನೂ ಜೊತೆಗೆ ಕಳಿಸಿ.