ಮಿಡ್ವೇ ದ್ವೀಪದ ಸಾಕ್ಷ್ಯ

ಉತ್ತರ ಪೆಸಿಫಿಕ್ ಮಹಾಸಾಗರದ ನಡುವೆ, ಯಾವ ಖಂಡಕ್ಕೂ ಮೂರು ಸಾವಿರ ಕಿಲೋಮೀಟರಿಗಿಂತ ಹೆಚ್ಚು ದೂರದಲ್ಲಿ, ಮಿಡ್ವೇ ಎಂಬ ಪುಟ್ಟ ಹವಳದ್ವೀಪಗಳ ಗುಂಪಿದೆ. 1942ರ ನೌಕಾಯುದ್ಧದಿಂದ ಚರಿತ್ರೆಯಲ್ಲಿ ಹೆಸರಾದ ಈ ನೆಲವು ಲೇಸಾನ್ ಆಲ್ಬಟ್ರಾಸ್ ಎಂಬ ಕಡಲಹಕ್ಕಿಗೆ ಜಗತ್ತಿನಲ್ಲೇ ಅತಿ ದೊಡ್ಡ ನೆಲೆಯಾಗಿದೆ. ತಾಯಿತಂದೆ ಹಕ್ಕಿಗಳು ಬಹುದೂರ ಹಾರಿ, ನೀರಿನ ಮೇಲ್ಮೈಯಲ್ಲಿ ದೊರೆತ ಆಹಾರವನ್ನು ನುಂಗಿ ತಂದು, ನೆಲದ ಗೂಡಿನಲ್ಲಿ ಕಾದಿರುವ ಮರಿಯ ಬಾಯಿಗೆ ಕಕ್ಕಿ ಉಣಿಸುತ್ತವೆ. ತೇಲುವ ವಸ್ತುಗಳಿಗೆ ಮೀನಿನ ಮೊಟ್ಟೆ ಅಂಟಿರುವುದುಂಟು. ಆ ವಸ್ತು ಮರದ ಚೂರೋ ಪ್ಲಾಸ್ಟಿಕ್ಕೋ ಎಂಬ ಭೇದವನ್ನು ಹಕ್ಕಿ ಅರಿಯದು.

ಈ ಸಂಗತಿ ಹೊಸದಲ್ಲ. ಹವಾಯಿ ದ್ವೀಪಮಾಲೆಯಲ್ಲಿ ಸತ್ತ ಆಲ್ಬಟ್ರಾಸ್ ಮರಿಗಳ ಒಡಲಲ್ಲಿ ಪ್ಲಾಸ್ಟಿಕ್ ಇದ್ದುದನ್ನು ಕೆನ್ಯನ್ ಮತ್ತು ಕ್ರಿಡ್ಲರ್ ಎಂಬ ವಿಜ್ಞಾನಿಗಳು 1969ರಲ್ಲಿಯೇ ಪ್ರಕಟಿಸಿದ್ದರು. ಆದರೆ ನಾಲ್ಕು ದಶಕಗಳವರೆಗೆ ಆ ಅರಿವು ಬಹುಮಟ್ಟಿಗೆ ವಿದ್ವಾಂಸರ ನಡುವೆಯೇ ಉಳಿಯಿತು.

ವಕೀಲಿ ವೃತ್ತಿಯನ್ನು ತೊರೆದು ಛಾಯಾಗ್ರಾಹಕರಾದ ಅಮೆರಿಕದ ಕ್ರಿಸ್ ಜೋರ್ಡನ್ 2009ರಲ್ಲಿ ಮಿಡ್ವೇಗೆ ಹೋದರು. ಸತ್ತ ಮರಿಗಳ ಗರಿ ಮೂಳೆಗಳ ನಡುವೆ, ಹೊಟ್ಟೆಯಿದ್ದ ಎಡೆಯಲ್ಲಿ, ಬಾಟಲಿಯ ಮುಚ್ಚಳಗಳು, ಸಿಗರೇಟ್ ಲೈಟರುಗಳು, ಬಣ್ಣಬಣ್ಣದ ಚೂರುಗಳು ರಾಶಿಯಾಗಿದ್ದವು. ಒಂದು ಚೂರನ್ನೂ ಕದಲಿಸದೆ, ಸೇರಿಸದೆ, ಇದ್ದುದನ್ನು ಇದ್ದಂತೆಯೇ ಅವರು ಸೆರೆಹಿಡಿದರು. ಜೋಡಿಸಿ ಅಂದಗೊಳಿಸುವುದು ಕಲಾವಿದನ ಸ್ವಾತಂತ್ರ್ಯ. ಅದನ್ನು ಬಿಟ್ಟುಕೊಟ್ಟದ್ದರಿಂದಲೇ ಈ ಚಿತ್ರಗಳಿಗೆ ಸಾಕ್ಷ್ಯದ ಬಲ ಬಂದಿತು. ಮತ್ತೆ ಮತ್ತೆ ಅಲ್ಲಿಗೆ ಹೋಗಿ ತಯಾರಿಸಿದ ‘ಆಲ್ಬಟ್ರಾಸ್’ ಚಲನಚಿತ್ರವನ್ನು ಅವರು 2018ರಲ್ಲಿ ಉಚಿತವಾಗಿ ಲೋಕಕ್ಕೆ ನೀಡಿದರು.

ಪ್ರತಿಯೊಂದು ಮರಿಯೂ ಪ್ಲಾಸ್ಟಿಕ್ಕಿನಿಂದಲೇ ಸತ್ತಿತೆಂದು ಹೇಳಲಾಗದು. ಹಸಿವು ನೀರಡಿಕೆಗಳೂ ಮರಿಗಳನ್ನು ಕೊಲ್ಲುತ್ತವೆ. ಆದರೆ ಆ ಒಡಲುಗಳಲ್ಲಿದ್ದ ವಸ್ತುಗಳು ಮನುಷ್ಯರ ಕೈಯಿಂದ ಬಂದವು ಎಂಬುದರಲ್ಲಿ ಸಂಶಯವಿಲ್ಲ. ಅವನ್ನು ಬಳಸಿ ಬಿಸುಟವರಿಗೆ ಹಕ್ಕಿಯನ್ನು ನೋಯಿಸುವ ಸಂಕಲ್ಪವಿರಲಿಲ್ಲ. ಸಂಕಲ್ಪವಿಲ್ಲದ ಕೃತ್ಯಕ್ಕೆ ಹೊಣೆಯೂ ಇಲ್ಲವೆಂದು ಮನಸ್ಸು ಸುಲಭವಾಗಿ ಸಮಾಧಾನ ತಂದುಕೊಳ್ಳುತ್ತದೆ. ಅರಿಯದೆ ಮಾಡಿದ್ದಕ್ಕೆ ಆ ಸಮಾಧಾನ ಸಲ್ಲಬಹುದು. ಅರಿತ ಮೇಲೂ ಮುಂದುವರಿಸಿದ ಅಜಾಗರೂಕತೆಗೆ ಅದು ಸಲ್ಲದು. ದೂರದ ದ್ವೀಪದ ಒಂದು ಸಾವಿಗೂ ನಮ್ಮ ನಿತ್ಯದ ಬಳಕೆಗೂ ಇರುವ ನಂಟನ್ನು ಈ ಚಿತ್ರಗಳು ಕಣ್ಣೆದುರಿಗೆ ತಂದಿರಿಸಿವೆ. ಅವನ್ನು ಕಂಡವರಿಗೆ, ಕೈಯಲ್ಲಿರುವ ಮುಚ್ಚಳವೊಂದನ್ನು ಎಲ್ಲಿ ಬಿಡುತ್ತೇವೆಂಬುದು ಇನ್ನು ಕ್ಷುಲ್ಲಕ ಪ್ರಶ್ನೆಯಲ್ಲ.